ಲಕ್ಷ್ಮಿ ಕಾಸನ್ನು ಓದಿದ ಮೇಷ್ಟ್ರು

ನನಗೆ ಭೂತಗನ್ನಡಿ ಕಂಡರೆ ಆಗುವುದಿಲ್ಲ. ಕಳೆದ ತಿಂಗಳು ಅಮ್ಮನಿಗೆ ಕನ್ನಡಕ ಮಾಡಿಸೋಣವೆಂದು ರಾಜಾಜಿನಗರದ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಯಾವ ನಂಬರಿನ ಗಾಜು ಹಾಕಿದರೂ ಅಮ್ಮನ ಕಣ್ಣಿಗೆ ಅಕ್ಷರ ನಿಲ್ಲಲಿಲ್ಲ. ಅಂಗಡಿಯವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಕಪಾಟಿನೊಳಗಿಂದ ಒಂದು ಭೂತಗನ್ನಡಿ ತೆಗೆದು ಮುಂದಿಟ್ಟರು. ದುಂಡನೆಯ ಗಾಜು, ಸುತ್ತ ಹಿತ್ತಾಳೆಯ ಪಟ್ಟಿ, ಕಂದು ಬಣ್ಣದ ಮರದ ಹಿಡಿ. "ಇದ್ನ ತಗೊಂಡೋಗಿ ಆಂಟಿ, ಪೇಪರ್ ಓದಕ್ಕೆ ಚೆನ್ನಾಗಿರತ್ತೆ" ಎಂದರು. "ಬೇಡ, ಎತ್ತಿಡಿ ಅದನ್ನ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ತಮ್ಮಿಂದ ಏನು ತಪ್ಪಾಯಿತೋ ಎಂಬಂತೆ ನನ್ನ ಮುಖ ನೋಡಿದರು.

ಹಿಂತಿರುಗುವಾಗ ಆಟೋದಲ್ಲಿ ಅಮ್ಮ ಮೆಲ್ಲಗೆ, "ಮೇಷ್ಟ್ರು ನೆನಪಾದ್ರಾ?" ಎಂದು ಕೇಳಿದಳು. ನಾನು ರಸ್ತೆ ನೋಡುತ್ತ ಕೂತೆ. ನೆನಪಾದರು. ಇಪ್ಪತ್ತೈದು ವರ್ಷವಾಗುತ್ತ ಬಂತು, ಈಗಲೂ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಇಷ್ಟು ಕೋಪವಿದ್ದರೂ ಅವರನ್ನು 'ಅವನು' ಎನ್ನಲು ನಾಲಿಗೆ ಹೊರಳುವುದಿಲ್ಲ, ಬಹುವಚನವೇ ಬರುತ್ತದೆ. ಅದಕ್ಕೂ ನನಗೆ ಕೋಪವಿದೆ.

ಮೇಷ್ಟ್ರು ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಪೋರ್ಷನ್ನಿಗೆ ಬಾಡಿಗೆಗೆ ಬಂದಾಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಇತಿಹಾಸ ಕಲಿಸಿ ನಿವೃತ್ತರಾಗಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಗ ಕೆಂಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಅದು ಮುಗಿಯುವವರೆಗೆ ಇರುತ್ತೇನೆ ಎಂದು ಬಂದರು. ನಮ್ಮದು ಬಡಾವಣೆ ಏಳುವ ಮೊದಲಿನಿಂದ ಅಲ್ಲೇ ರಾಗಿ ಬೆಳೆದುಕೊಂಡಿದ್ದ ಮನೆತನ. ಹೊಲ ಹೋಗಿ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ತಾತ ಮೂರು ಪೋರ್ಷನ್ನಿನ ಮನೆ ಕಟ್ಟಿಸಿದ್ದರು. ಅಜ್ಜಿ ಮಾತ್ರ ಎದುರಿನ ಕ್ಲಿನಿಕ್ಕನ್ನು ಕೊನೆಯವರೆಗೂ 'ಬಾವಿ ಹೊಲ' ಎಂದೇ ಕರೆಯುತ್ತಿದ್ದಳು. ಬಾವಿ ಹೊಲದ ಡಾಕ್ಟರ ಹತ್ತಿರ ಮಾತ್ರೆ ತಂದೆ ಎನ್ನುತ್ತಿದ್ದಳು.

ಮೇಷ್ಟ್ರ ಬಾಯಿಂದ ಮೊದಲು ಬರುತ್ತಿದ್ದ ಮಾತು 'ಹಾಗಲ್ಲ'. ತರಕಾರಿ ಗಾಡಿಯವನು ಇದು ನಾಟಿ ಕೊತ್ತಂಬರಿ ಎಂದರೆ ಹಾಗಲ್ಲ. ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಕತೆ ಹೇಳುತ್ತಿದ್ದರೆ ನಡುವೆ ಹಾಗಲ್ಲ. ನಮ್ಮ ತಾತ ತಮ್ಮದೇ ಮದುವೆಯ ವರ್ಷ ಹೇಳಿದಾಗಲೂ ಹಾಗಲ್ಲ, ಆ ವರ್ಷ ಬರಗಾಲ ಅಂತೀರಿ, ಹಾಗಾದರೆ ಅದು ಎರಡು ವರ್ಷ ಆಮೇಲೆ, ಎಂದು ತಿದ್ದಿದ್ದರು. ತಾತ ಒಳಗೆ ಬಂದು, "ನನ್ ಮದ್ವೇಲಿ ಅವ್ರೇ ಓಲಗ ಊದಿದ್ರೇನೋ" ಎಂದು ಗೊಣಗಿದರು. ಹಿಂದಿನಿಂದ ನಾವೆಲ್ಲ ಅವರನ್ನು ಹಾಗಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಆಗ ಅದು ತಮಾಷೆಯಾಗಿಯೇ ಇತ್ತು.

ಸುಳ್ಳು ಹೇಳಬಾರದು, ನನಗೆ ಆಗ ಮೇಷ್ಟ್ರನ್ನು ಕಂಡರೆ ಬಹಳ ಇಷ್ಟ. ಸಂಜೆ ಕಾಂಪೌಂಡಿನ ಒಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಮೆಟ್ಟಿಲ ಮೇಲೆ. ಅಜ್ಜಿ ಬಾಗಿಲ ಹೊಸ್ತಿಲಿನ ಒಳಗೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ, ಕೇಳದವಳ ಹಾಗೆ ಕೇಳುತ್ತ. ಮೇಷ್ಟ್ರಿಗೆ ರೋಮ್ ಎಂದರೆ ಪ್ರಾಣ, ಅದರಲ್ಲೂ ಅಲ್ಲಿನ ಹಳೆಯ ಚಿನ್ನದ ಒಡವೆಗಳೆಂದರೆ ಊಟ ನೀರು ಬೇಕಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಗಂಡು ಮಗು ಹುಟ್ಟಿದರೆ ಕೊರಳಿಗೆ ಒಂದು ಪೊಳ್ಳು ಚಿನ್ನದ ಗುಂಡು ಕಟ್ಟುತ್ತಿದ್ದರಂತೆ, ಒಳಗೆ ದೃಷ್ಟಿ ತಾಗದ ಹಾಗೆ ಏನೋ ತುಂಬಿ. ಹುಡುಗ ದೊಡ್ಡವನಾದ ದಿನ ಅದನ್ನು ಬಿಚ್ಚಿ ಮನೆದೇವರ ಮುಂದೆ ತೂಗುಹಾಕಬೇಕು. ಹೆಣ್ಣು ಮಗುವಿಗೆ ಅರ್ಧಚಂದ್ರದ ಪದಕ. ಮದುವೆಯ ಹಿಂದಿನ ದಿನ ಅದನ್ನು ತನ್ನ ಗೊಂಬೆಗಳ ಜೊತೆ ದೇವರಿಗೆ ಒಪ್ಪಿಸಿ ಬರಬೇಕು. ನಿಶ್ಚಿತಾರ್ಥಕ್ಕೆ ಮೊದಮೊದಲು ಕೊಡುತ್ತಿದ್ದದ್ದು ಕಬ್ಬಿಣದ ಉಂಗುರ, ಚಿನ್ನ ಬಂದದ್ದು ಆಮೇಲೆ.

ಹಾವಿನ ಬಳೆಗಳ ಬಗ್ಗೆ ಹೇಳಿದ ದಿನ ಅಜ್ಜಿ ಅವರೆಕಾಯಿ ಬಿಟ್ಟು ಎದ್ದು ಹೋಗಿ ಪೆಟ್ಟಿಗೆಯಿಂದ ತನ್ನ ನಾಗಮುರಿಗೆ ತಂದು ತೋರಿಸಿದಳು. ತೋಳಿಗೆ ಸುತ್ತಿಕೊಳ್ಳುವ ಹಾವು. ಮೇಷ್ಟ್ರು ಹಿಗ್ಗಿಹೋದರು. ಅಲ್ಲಿ ಹಾವು ಮನೆ ಕಾಯುವ ದೇವತೆ, ಪೊರೆ ಬಿಟ್ಟು ಮತ್ತೆ ಹುಟ್ಟುತ್ತದೆ, ಅದಕ್ಕೇ ತೋಳಿಗೆ ಸುತ್ತಿಕೊಳ್ಳುತ್ತಿದ್ದರು ಎಂದರು. "ನಮ್ದೂ ಅದೇಯ" ಎಂದಳು ಅಜ್ಜಿ. ಆ ದಿನವೇ ಮೇಷ್ಟ್ರು ಇನ್ನೊಂದು ಬಳೆಯ ವಿಷಯ ಹೇಳಿದರು. ಬೂದಿಯಲ್ಲಿ ಹೂತುಹೋದ ಒಂದು ಊರಿನಲ್ಲಿ ಸಿಕ್ಕಿದ ಚಿನ್ನದ ಹಾವಿನ ಬಳೆ. ಅದರ ಒಳಮೈಯಲ್ಲಿ ಕೆತ್ತಿತ್ತಂತೆ, ಯಜಮಾನನು ತನ್ನ ದಾಸಿಗೆ, ಎಂದು. ಹೇಳುವಾಗ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಅಜ್ಜಿ ಕೈಯಲ್ಲಿದ್ದ ನಾಗಮುರಿಗೆಯ ಒಳಭಾಗವನ್ನು ಒಮ್ಮೆ ತಿರುಗಿಸಿ ನೋಡಿ ಸೆರಗಿನಲ್ಲಿ ಮುಚ್ಚಿಕೊಂಡಳು. "ಒಡವೆ ಸುಮ್ನೆ ಅಲ್ಲಮ್ಮ," ಎಂದು ಮೇಷ್ಟ್ರು ನನಗೆ ಹೇಳಿದರು, "ಯಾರು ಯಾರಿಗೆ ಸೇರಿದವರು ಅಂತ ಹೇಳೋ ಚೀಟಿ ಅದು. ರಾಜನ ಮುಖ ಇರೋ ನಾಣ್ಯ ಕೊರಳಿಗೆ ಹಾಕ್ಕೊಂಡ್ರೆ ನಾನು ರಾಜನ ಕಡೆಯೋಳು ಅಂತ." ಇದು ಅಜ್ಜಿಯ ಕಿವಿಗೂ ಬಿದ್ದಿತ್ತು. ಎಷ್ಟು ಆಳಕ್ಕೆ ಬಿದ್ದಿತ್ತು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಈಗ ಲಕ್ಷ್ಮಿ ಕಾಸಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಪದಕವಿದೆ. ಬಂಗಾರದ ದುಂಡು ಕಾಸು, ಅಂಚಿಗೆ ಸಣ್ಣ ಮಣಿಗಳ ಕಟ್ಟು, ಮೇಲೊಂದು ಕೊಂಡಿ. ಯಾವ ಕಾಲದಲ್ಲೋ ಉಳುವಾಗ ನೇಗಿಲಿಗೆ ಸಿಕ್ಕಿತಂತೆ. ಒಂದು ಬದಿಯಲ್ಲಿ ಪೀಠದ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದು ಕೈಯಲ್ಲಿ ಹೂವಿನ ಕೊಂಬೆ. ಅವಳು ಲಕ್ಷ್ಮಿ. ಹಿಂಬದಿಯಲ್ಲಿ ಒಬ್ಬ ಗಂಡಸಿನ ತಲೆ, ಕೆನ್ನೆಯ ಮೇಲೆ ಒಂದು ಗೀರು. ಅವನು ಲಕ್ಷ್ಮಿಯನ್ನು ಕಾಯುವ ಕುಬೇರ. ಎರಡೂ ಬದಿಯ ಅಂಚಿನಲ್ಲಿ ಸುತ್ತಲೂ ಬರಿಗಣ್ಣಿಗೆ ಬರೀ ಗೀಟುಗಳಂತೆ ಕಾಣುವ ಸಣ್ಣ ಅಕ್ಷರ. ಅದು ಲಕ್ಷ್ಮಿಯ ಮಂತ್ರ ಎಂದು ನಮ್ಮ ಮನೆಯ ಹೆಂಗಸರ ನಂಬಿಕೆ. ವರ್ಷಕ್ಕೊಮ್ಮೆ, ವರಮಹಾಲಕ್ಷ್ಮಿ ಹಬ್ಬದ ದಿನ, ಅದನ್ನು ಪೆಟ್ಟಿಗೆಯಿಂದ ತೆಗೆದು ಕಳಶದ ಕೊರಳಿಗೆ ಹಾಕುತ್ತಿದ್ದರು. ಉಳಿದ ದಿನ ಯಾರೂ ಮುಟ್ಟುವಂತಿಲ್ಲ.

ಆ ಮಂತ್ರ ಬಾಯಿಂದ ಕಿವಿಗೆ ಬಂದದ್ದು. ಅತ್ತೆಯಾದವಳು ಕಾಸನ್ನು ಸೊಸೆಯ ಕೈಗೆ ಕೊಡುವಾಗ ಕಿವಿಯಲ್ಲಿ ಹೇಳಬೇಕು, ಮೂರನೆಯವರು ಕೇಳಬಾರದು. ಅಜ್ಜಿಗೆ ಅವಳ ಅತ್ತೆ ಹೇಳಿದ್ದರು. ಹಬ್ಬದ ದಿನ ಕಳಶದ ಮುಂದೆ ಕೂತು ಕಾಸಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಅಜ್ಜಿ ಅದನ್ನು ಹೇಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಜ್ಜಿಗೆ ಓದು ಬರಹ ಬರದು. ಆದರೂ ಬೆರಳು ಒಂದೊಂದು ಅಕ್ಷರದ ಮೇಲೂ ನಿಂತು ನಿಂತು ಮುಂದೆ ಹೋಗುತ್ತಿತ್ತು... ನಡುವೆ ಒಂದು ಕಡೆ ಮಾತ್ರ ಬೆರಳೂ ತುಟಿಯೂ ನಿಂತುಬಿಡುತ್ತಿದ್ದವು. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಮುಂದಿನದಕ್ಕೆ ದಾಟುತ್ತಿದ್ದಳು.

ಅದೇ ಅಜ್ಜಿಯ ಕೊರಗು. ನಮ್ಮಪ್ಪ ಹುಟ್ಟಿದಾಗ ಬಾಣಂತನದಲ್ಲಿ ಅಜ್ಜಿಗೆ ವಿಪರೀತ ಜ್ವರ ಬಂದು ಬದುಕಿದ್ದೇ ಹೆಚ್ಚಾಗಿತ್ತಂತೆ. ತಲೆಗೂದಲು ಉದುರಿತು, ಜೊತೆಗೆ ಮಂತ್ರದ ನಡುವಿನ ಒಂದು ಸಾಲೂ ಉದುರಿತು. ಕೇಳೋಣವೆಂದರೆ ಅತ್ತೆ ಆಗಲೇ ಸತ್ತಿದ್ದರು. ಅಂದಿನಿಂದ ಆ ಒಂದು ಸಾಲಿಲ್ಲದೆಯೇ ಪೂಜೆ ನಡೆಸಿದ್ದಳು. ಹೊಲ ಹೋದದ್ದು ಅದಕ್ಕೇ ಎಂದೂ ಒಮ್ಮೆ ಹೇಳಿದ್ದಳು. "ನಿಮ್ಮಮ್ಮಂಗೆ ಹರಕಲು ಮಂತ್ರ ಕೊಟ್ಬುಟ್ಟು ಹೋಗ್ಲಾ ನಾನು?" ಎಂದು ನನ್ನನ್ನು ಕೇಳುತ್ತಿದ್ದಳು. ಗುಡಿಯ ಪೂಜಾರಿಗೆ ತೋರಿಸಿದ್ದಾಗಿತ್ತು. ಇದು ನಾಗರಿ ಅಲ್ಲ, ಯಾವುದೋ ಹಳೆಯ ಲಿಪಿ, ತಿಳಿದವರು ಓದಬೇಕು ಎಂದಿದ್ದರು. ಕಾಸಿನ ಮೇಲೆ ಪೂರ್ತಿ ಬರೆದಿದೆ, ಓದುವವರು ಸಿಕ್ಕಿದರೆ ಕಳೆದ ಸಾಲು ಸಿಗುತ್ತದೆ, ಆಮೇಲೆ ಸೊಸೆಯ ಕಿವಿಗೆ ಹೇಳಿ ನೆಮ್ಮದಿಯಾಗಿ ಸಾಯಬಹುದು. ಅಜ್ಜಿಗೆ ಬೇಕಿದ್ದದ್ದು ಇಷ್ಟೇ.

ಮೇಷ್ಟ್ರು ಬಂದ ಮೇಲೆ ಅವಳಿಗೆ ಜೀವ ಬಂತು. ಕಲ್ಲಿನ ಬರಹ, ತಾಮ್ರದ ಬರಹ, ಎಲ್ಲ ಓದುವವರು ಮುಂದಿನ ಪೋರ್ಷನ್ನಿನಲ್ಲೇ ಇದ್ದಾರೆ! ಆದರೆ ಹಬ್ಬದ ದಿನವಲ್ಲದೆ ಕಾಸು ಹೊರಗೆ ತೆಗೆಯುವಂತಿಲ್ಲವಲ್ಲ. ಶ್ರಾವಣ ಬರುವವರೆಗೆ ಕಾದಳು. ಹಬ್ಬದ ವಾರ ತಾನೇ ಹೋಗಿ, "ಶುಕ್ರವಾರ ನಮ್ಮನೇಗ್ ಬನ್ನಿ ಮೇಷ್ಟ್ರೇ, ನಿಮ್ಮಿಂದ ಒಂದು ಓದಿಸೋದೈತೆ" ಎಂದು ಕರೆದು ಬಂದಳು. ಆ ವಾರವೆಲ್ಲ ಅಜ್ಜಿಯ ಮುಖ ನೋಡಬೇಕಿತ್ತು.

ಶುಕ್ರವಾರ ಸಂಜೆ. ಕಳಶಕ್ಕೆ ಹಸಿರು ರೇಷ್ಮೆ ಸೀರೆ ಉಡಿಸಿದ್ದೆವು, ಮುಡಿಗೆ ಕೇದಗೆ, ಕೊರಳಲ್ಲಿ ಲಕ್ಷ್ಮಿ ಕಾಸು. ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದು ನಡುಮನೆ ತುಂಬಿ ಕೂತಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಬಂದರು. ಅಜ್ಜಿ ಎಲ್ಲರನ್ನೂ ಸರಿಸಿ ದಾರಿ ಮಾಡಿದಳು. ಕಳಶ ಕದಲಿಸುವ ಹಾಗಿಲ್ಲ, ಹಾಗಾಗಿ ಅವರೇ ಮಂಡಿಯೂರಿ ಕೂತು ದೀಪದ ಬೆಳಕಿನಲ್ಲಿ ಕಾಸಿನ ಮೇಲೆ ಗಾಜು ಹಿಡಿದರು.

ಅವರ ಮುಖ ಅರಳಿದ್ದು ನನಗೆ ಇವತ್ತಿಗೂ ಕಾಣುತ್ತದೆ. ಕಾಸನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. "ಅಯ್ಯೋ ಅಮ್ಮಾ, ಇದೆಲ್ಲಿತ್ತು ನಿಮ್ಮ ಹತ್ರ!" ಎಂದರು. ಅಜ್ಜಿ ಕೈ ಮುಗಿದುಕೊಂಡೇ, "ಏನ್ ಬರ್ದೈತೆ ಓದಿ ಮೇಷ್ಟ್ರೇ" ಎಂದಳು. ಓದಿದರು. ಗಟ್ಟಿಯಾಗಿ, ಯಾವುದೋ ಭಾಷೆಯಲ್ಲಿ, ತರಗತಿಯಲ್ಲಿ ಓದುವ ಹಾಗೆ. ಅಜ್ಜಿಯ ತುಟಿ ಅವರ ಹಿಂದೆಯೇ ಅಲ್ಲಾಡಲು ನೋಡಿ ಸೋತು ನಿಂತಿತು. ಅದರಲ್ಲಿ ಅವಳಿಗೆ ಗೊತ್ತಿದ್ದ ಒಂದು ಶಬ್ದವೂ ಇರಲಿಲ್ಲ.

ಆಮೇಲೆ ಅರ್ಥ ಹೇಳಿದರು. ಇದು ರೋಮಿನ ಚಿನ್ನದ ನಾಣ್ಯ. ಮೆಣಸು ಬಟ್ಟೆ ಕೊಳ್ಳಲು ಹಡಗಿನಲ್ಲಿ ಬಂದದ್ದು, ಇಲ್ಲಿಯ ಹೆಂಗಸರು ಕೊಂಡಿ ಹಾಕಿಸಿ ಪದಕ ಮಾಡಿಕೊಂಡಿದ್ದಾರೆ. ಹಿಂದಿರುವವನು ಅಲ್ಲಿಯ ರಾಜ. ಹೆಸರನ್ನೂ ಹೇಳಿದರು, ನಾನು ಈ ಬಾಯಲ್ಲಿ ಅದನ್ನು ಹೇಳುವುದಿಲ್ಲ. ಬರೆದಿರುವುದು ಅವನ ಹೆಸರು, ಬಿರುದು, ದೇವರಾದ ರಾಜನ ಮಗ ಎಂದು. ಹೆಂಗಸಿನ ಸುತ್ತ ಇರುವುದೂ ಅವನದೇ ಪದವಿ, ಮಹಾ ಪುರೋಹಿತ.

ಅಜ್ಜಿ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಪುರೋಯಿತನಾ? ಹಂಗಾರೆ ಮಂತ್ರ ಗೊತ್ತಿರೋನೇಯ."

"ಹಾಗಲ್ಲ" ಎಂದರು ಮೇಷ್ಟ್ರು. "ಇದ್ರಲ್ಲಿ ಮಂತ್ರ ಗಿಂತ್ರ ಏನೂ ಇಲ್ಲಮ್ಮ."

"ಆಯಮ್ಮ ಲಕ್ಷ್ಮಿ ತಾನೇ?"

"ಹಾಗಲ್ಲ. ಶಾಂತಿ ದೇವತೆ ಅಂತಾರೆ. ರಾಜನ ತಾಯಿನೇ ಅಂತಲೂ ಅಂತಾರೆ. ಕೈಲಿರೋದು ಕಮಲ ಅಲ್ಲ, ನೋಡಿ, ಮರದ ಕೊಂಬೆ."

ಅಷ್ಟಕ್ಕೆ ನಿಲ್ಲಿಸಲಿಲ್ಲ. ಕೂತಲ್ಲೇ ಹಿಂದಿರುಗಿ ಹೆಂಗಸರಿಗೆಲ್ಲ ಪಾಠ ಶುರುಮಾಡಿದರು. ಆ ರಾಜ ಮುದುಕನಾದ ಮೇಲೆ ಒಂದು ದ್ವೀಪದಲ್ಲಿ ಸೇರಿಕೊಂಡಿದ್ದು, ಜನ ಅವನನ್ನು ದ್ವೇಷಿಸುತ್ತಿದ್ದದ್ದು, ಅವನು ಸತ್ತಾಗ ಬೀದಿಯಲ್ಲಿ ಕುಣಿದದ್ದು... ಕೈಯಲ್ಲಿ ತಾಂಬೂಲ ಹಿಡಿದು ಕೂತಿದ್ದ ಪಕ್ಕದ ರಸ್ತೆಯ ಒಬ್ಬಾಕೆ ಕಿಸಕ್ಕನೆ ನಕ್ಕು, "ಅಯ್ಯೋ ದೊಡ್ಡಮ್ಮ, ಇಷ್ಟು ವರ್ಷ ಯಾವನೋ ಮುದುಕನ್ಗೆ ಆರತಿ ಎತ್ತಿದ್ರಾ!" ಎಂದಳು. ಇನ್ನಿಬ್ಬರು ನಕ್ಕರು. ಅಜ್ಜಿ ಎಲ್ಲರಿಗೂ ಕುಂಕುಮ ಕೊಟ್ಟು, ಒಬ್ಬೊಬ್ಬರನ್ನೂ ಬಾಗಿಲವರೆಗೆ ಕಳಿಸಿ ಬಂದಳು. ಒಬ್ಬಟ್ಟು ಮುಟ್ಟಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನಾನು ಈ ವಿಷಯ ಯೋಚಿಸಿದಾಗಲೆಲ್ಲ ನನಗೆ ಮೇಷ್ಟ್ರ ಓದಿನ ಮೇಲೆ ಸಿಟ್ಟು ಬರುವುದಿಲ್ಲ. ಓದಿದ್ದು ಸರಿಯೇ. ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ, ಹುಡುಕಿ ನೋಡಿದ್ದೇನೆ, ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅದು ಇನ್ನಷ್ಟು ಹೊಟ್ಟೆ ಉರಿಸುತ್ತದೆ. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಒಂದು ಮಾತು ಹೇಳಲು ಬರುತ್ತಿರಲಿಲ್ಲವೇ? ಅಕ್ಷರ ಸವೆದಿದೆ ಅಮ್ಮ, ನಾಳೆ ನೋಡೋಣ, ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಊರಿನ ಒಡವೆಗೆಲ್ಲ ಅರ್ಥ ಹೇಳುತ್ತಿದ್ದ ಮನುಷ್ಯ, ನೀವು ಇದನ್ನು ಏನೆಂದು ಓದಿಕೊಂಡು ಬಂದಿರಿ ಎಂದು ಅಜ್ಜಿಯನ್ನು ಒಂದು ಮಾತು ಕೇಳಲಿಲ್ಲ. ರೋಮಿನ ದಾಸಿಯ ಬಳೆಗೆ ಕಣ್ಣೀರು ಹಾಕಿದವರಿಗೆ ಎದುರಿಗೆ ಕೈ ಮುಗಿದು ಕೂತವಳ ಮುಖ ಕಾಣಲಿಲ್ಲ. ಅವರ ಗಾಜಿನಲ್ಲಿ ಸಣ್ಣದೆಲ್ಲ ದೊಡ್ಡದಾಗಿ ಕಾಣುತ್ತಿತ್ತು, ಅಜ್ಜಿ ಮಾತ್ರ ಕಾಣಲಿಲ್ಲ.

ಮರುದಿನ ಕಳಶ ಕದಲಿಸಿದ ಮೇಲೆ ಅಜ್ಜಿ ಕಾಸನ್ನು ಪೆಟ್ಟಿಗೆಗೆ ಹಾಕಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಮ್ಮನನ್ನೂ ನನ್ನನ್ನೂ ಹೊರಡಿಸಿಕೊಂಡು ವಿಜಯನಗರದಲ್ಲಿದ್ದ ನಮ್ಮ ಹಳೆಯ ಅಕ್ಕಸಾಲಿ ಆಚಾರಿಯ ಅಂಗಡಿಗೆ ಹೋದಳು. "ಈ ಗಂಡಸನ್ನ ತೆಗೀಬೇಕು" ಎಂದಳು. ಆಚಾರಿಗೆ ಅರ್ಥವಾಗಲಿಲ್ಲ. "ಕರಗಿಸ್ಬೇಕಾಮ್ಮ?" "ಕರಗಿಸ್ಬ್ಯಾಡ. ಆಯಮ್ಮ ಇರ್ಲಿ. ಇವನು ಬ್ಯಾಡ. ಮುಖಾನೂ ಬ್ಯಾಡ, ಹೆಸರೂ ಬ್ಯಾಡ. ಪರಗಂಡಸನ್ನ ಎದೆಮ್ಯಾಲೆ ಹಾಕ್ಕೊಂಡು ತಿರುಗಕ್ಕಾಯ್ತದಾ?" ಯಜಮಾನನು ತನ್ನ ದಾಸಿಗೆ ಎಂದು ಬರೆದ ಬಳೆಯ ವಿಷಯ ನನಗೆ ಆಗ ನೆನಪಾಯಿತು. ಆಚಾರಿ ಅರ ತೆಗೆದುಕೊಂಡು ಉಜ್ಜತೊಡಗಿದ. ಅಜ್ಜಿ ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಮೊದಲು ಮೂಗು ಹೋಯಿತು, ಆಮೇಲೆ ಗೀರು ಬಿದ್ದ ಕೆನ್ನೆ, ಕೊನೆಗೆ ಅವನ ಸುತ್ತಲಿನ ಅಕ್ಷರಗಳು.

ಉಜ್ಜಿದ ಚಿನ್ನದ ಪುಡಿಯನ್ನು ಆಚಾರಿ ಕಾಗದದಲ್ಲಿ ಕಟ್ಟಿಕೊಟ್ಟ. ಬರುವ ದಾರಿಯಲ್ಲಿ ವೃಷಭಾವತಿಯ ಮೇಲಿನ ಸೇತುವೆ ಸಿಗುತ್ತದೆ. ಆಗಲೇ ಅದು ನದಿಯಲ್ಲ, ಕಪ್ಪು ಮೋರಿ. ಅಜ್ಜಿ ಆಟೋ ನಿಲ್ಲಿಸಿ ಇಳಿದು ಕಟ್ಟೆಯ ಹತ್ತಿರ ಹೋಗಿ ಕಾಗದ ಬಿಚ್ಚಿ ಕೊಡವಿದಳು. ಅಮ್ಮ, "ಅತ್ತೆ, ಚಿನ್ನ ಅದು!" ಎಂದು ಕೂಗಿಕೊಂಡಳು. "ಗೊತ್ತು ಬಾ" ಎಂದು ಅಜ್ಜಿ ಮತ್ತೆ ಹತ್ತಿ ಕೂತಳು. ರೋಮಿನ ಚಕ್ರವರ್ತಿ ನಮ್ಮ ಬಡಾವಣೆಗಳ ಕೊಚ್ಚೆಯ ಜೊತೆ ಕೆಂಗೇರಿ ಕಡೆಗೆ ಹರಿದುಹೋದ. ಇದೊಂದು ನೆನೆದರೆ ಮಾತ್ರ ನನಗೆ ಈಗಲೂ ಖುಷಿಯಾಗುತ್ತದೆ.

ಮೇಷ್ಟ್ರಿಗೆ ವಿಷಯ ಗೊತ್ತಾದದ್ದು ಎರಡು ದಿನ ಬಿಟ್ಟು. ತಮ್ಮ ಪರಿಚಯದ ಪಂಡಿತರೊಬ್ಬರನ್ನು ಕಾಸು ತೋರಿಸಲು ಕರೆದುಕೊಂಡು ಬಂದಿದ್ದರು, ಅಜ್ಜಿಯನ್ನು ಒಂದು ಮಾತೂ ಕೇಳದೆ. ಅಜ್ಜಿ ಎಂದೂ ಇಲ್ಲದವಳು ಹಬ್ಬವಲ್ಲದ ದಿನ ಪೆಟ್ಟಿಗೆ ತೆಗೆದು ಕಾಸು ತಂದು ಅಂಗೈಯಲ್ಲಿ ಇಟ್ಟು ತೋರಿಸಿದಳು. ಒಂದು ಬದಿ ನುಣ್ಣಗೆ ಹೊಳೆಯುತ್ತಿತ್ತು. ಮೇಷ್ಟ್ರ ಮುಖ ಬಿಳುಚಿಕೊಂಡಿತು. ಆಮೇಲೆ ಕೂಗಾಡಿದರು. ಅವರು ದನಿ ಎತ್ತಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. "ಕೊಲೆ ಇದು! ಎರಡು ಸಾವಿರ ವರ್ಷ ಉಳ್ಕೊಂಡು ಬಂದಿದ್ದನ್ನ ಅರ ಹಾಕಿ ಉಜ್ಜಿಸಿದ್ರಲ್ಲ, ನಿಮಗೇನಾದ್ರೂ ತಿಳಿವಳಿಕೆ ಇದ್ಯಾ?"

"ಎರಡು ಸಾವ್ರ ವರ್ಷ ಹೆಂಗಸ್ರ ಎದೆಮ್ಯಾಲೆ ಕೂತಿದ್ನಲ್ಲ ಮೇಷ್ಟ್ರೇ, ಸಾಕು" ಎಂದಳು ಅಜ್ಜಿ.

ಬಂದ ಪಂಡಿತರು ಚಪ್ಪಲಿ ಹುಡುಕಿಕೊಂಡು ಹೊರಟರು. ಮೇಷ್ಟ್ರು ಅದೇ ತಿಂಗಳು ಮನೆ ಖಾಲಿ ಮಾಡಿದರು. ಕೆಂಗೇರಿಯ ಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲವಂತೆ, ಆದರೂ ಹೋದರು. ಪುಸ್ತಕದ ರಟ್ಟಿನ ಪೆಟ್ಟಿಗೆಗಳನ್ನು ಟೆಂಪೋಗೆ ಹಾಕಿಸುತ್ತ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಇದ್ದದ್ದು ಹೇಳಿದ್ದು ತಪ್ಪಾ ಮಗು?" ಎಂದು ಕೇಳಿದರು. ಅದರ ಉತ್ತರ ನನಗೆ ಈಗ ಗೊತ್ತಿದೆ. ಇದ್ದದ್ದು ಎರಡಿತ್ತು ಮೇಷ್ಟ್ರೇ. ಒಂದು ನಿಮ್ಮ ಕಣ್ಣಿಗೆ ಕಂಡಿತು, ಇನ್ನೊಂದನ್ನು ನೀವು ತುಳಿದುಕೊಂಡು ಹೋದಿರಿ.

ಗಂಡಸನ್ನು ತೆಗೆಸಿದ ಮೇಲೆ ಲಕ್ಷ್ಮಿ ಉಳಿಯುತ್ತಾಳೆ ಎಂದು ಅಜ್ಜಿ ಅಂದುಕೊಂಡಿದ್ದಳೋ ಏನೋ... ಮರುವರ್ಷ ಹಬ್ಬ ಬಂತು. ಕಳಶಕ್ಕೆ ಕಾಸು ಹಾಕಿದಳು. ಮುಂದೆ ಕೂತಳು, ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟಳು. ಬೆರಳು ಕದಲಲಿಲ್ಲ, ತುಟಿ ತೆರೆಯಲಿಲ್ಲ. ನಾನೂ ಅಮ್ಮನೂ ಬಾಗಿಲಲ್ಲಿ ನಿಂತು ನೋಡಿದೆವು. ಮಂಗಳಾರತಿ ಮಾಡಿ ಎದ್ದು ಬಂದಳು. ಆಮೇಲಿನ ವರ್ಷಗಳಲ್ಲಿಯೂ ಅಷ್ಟೇ. ಬೀದಿಯವರನ್ನು ಕುಂಕುಮಕ್ಕೆ ಕರೆಯುವುದನ್ನು ನಿಲ್ಲಿಸಿದಳು. ಮೊದಲು ಒಂದು ಸಾಲು ಕಳೆದಿತ್ತು, ಈಗ ಎಲ್ಲವೂ.

ತಾತ ಇರುವಾಗಲೇ ಅಜ್ಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಪೆಟ್ಟಿಗೆ ತರಿಸಿ ಕಾಸನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಕಿವಿ ಕೊಟ್ಟು ಬಗ್ಗಿ ಕೂತಳು. ಅಜ್ಜಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಅದನ್ನೂ ಹೇಳ್ಕೊಡಿ ಅತ್ತೆ" ಎಂದಳು ಅಮ್ಮ.

"ಅಲ್ಲಿ ಬರ್ದೇ ಇರ್ಲಿಲ್ವಂತಲ್ಲೇ. ಇಲ್ದೇ ಇದ್ದದ್ನ ಹೆಂಗ್ ಕೊಡ್ಲಿ?"

"ನಿಮಗೆ ಬಾಯಿಗ್ ಬರತ್ತಲ್ಲ ಅತ್ತೆ. ಒಂದ್ ಸಾಲು ಇಲ್ದಿದ್ರೆ ಪರವಾಗಿಲ್ಲ."

"ಸುಳ್ಳು ಕಣೇ ಅದು. ಮೇಷ್ಟ್ರು ಓದಿ ಹೇಳಿದ್ರಲ್ಲ" ಎಂದು ಅಜ್ಜಿ ಗೋಡೆ ಕಡೆಗೆ ಹೊರಳಿದಳು. ಅಮ್ಮ ಆಮೇಲೂ ಕೇಳಿದಳು, ಅಳುತ್ತ ಕೇಳಿದಳು. ಅಜ್ಜಿ ಬಾಯಿ ಬಿಡಲಿಲ್ಲ. ಹೋದಳು. ನಮ್ಮ ಮನೆಯ ಎಷ್ಟು ತಲೆಮಾರಿನ ಹೆಂಗಸರು ಅದನ್ನು ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ದಾಟಿಸಿದ್ದರೋ, ಅದರಲ್ಲಿ ಏನೇನಿತ್ತೋ. ದೇವರ ಹೆಸರಿತ್ತೋ, ಬೆಳೆಯ ಹೆಸರಿತ್ತೋ, ಸತ್ತ ಮಕ್ಕಳ ಹೆಸರಿತ್ತೋ... ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ರೋಮಿನ ರಾಜನ ಹೆಸರು ಬೇಕಾದಷ್ಟು ನಾಣ್ಯಗಳ ಮೇಲಿದೆ, ಪುಸ್ತಕಗಳಲ್ಲಿದೆ. ಅಜ್ಜಿಯ ಮಂತ್ರ ಇದ್ದದ್ದು ಒಂದೇ ಬಾಯಲ್ಲಿ.

ಕೆಲವು ವರ್ಷಗಳ ಹಿಂದೆ ಹಾಲಿನ ಬೂತಿನ ಹತ್ತಿರ ಹಳೆಯ ನೆರೆಯವರೊಬ್ಬರು ಸಿಕ್ಕಿ, ನಿಮ್ಮ ಮೇಷ್ಟ್ರು ಹೋಗಿಬಿಟ್ಟರಂತೆ, ಕೆಂಗೇರಿಯಲ್ಲೇ, ಎಂದರು. ಹೌದಾ ಎಂದು ಮೊಸರು ತೆಗೆದುಕೊಂಡು ಮನೆಗೆ ಬಂದೆ. ನೋಡಲು ಹೋಗಲಿಲ್ಲ. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ನನಗೆ ಮೊದಲು ದೂರದ ದೇಶ ತೋರಿಸಿದವರು ಅವರೇ ಎನ್ನುವುದೂ ನಿಜ, ಆ ಸಂಜೆಗಳು ಇನ್ನು ಬರುವುದಿಲ್ಲ ಎನ್ನುವುದೂ ನಿಜ. ಅದಕ್ಕೆಂದು ಹಗೆ ಕಡಿಮೆಯಾಗಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಕಳಶದ ಮುಂದೆ ಅಮ್ಮ ಇನ್ನು ಕೂರುವುದಿಲ್ಲ, ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ವರ್ಷ ಕಳೆದು ಬಂದ ಮೊದಲ ಹಬ್ಬ ಈ ಶ್ರಾವಣದ್ದು. ಕಾಸು ಸೊಸೆಗೆ ಹೋಗಬೇಕು. ತಮ್ಮನ ಹೆಂಡತಿ ಹುಬ್ಬಳ್ಳಿ ಕಡೆಯವಳು, ನಂದಿನಿ ಲೇಔಟಿನಲ್ಲಿ ಅವರ ಮನೆ. ಕೊಡುವಾಗ ಅತ್ತೆ ಕಿವಿಯಲ್ಲಿ ಏನೋ ಹೇಳುತ್ತಾರಂತೆ ಎಂದು ತಮ್ಮ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ. ತಲೆಗೆ ನೀರು ಹಾಕಿಕೊಂಡು ಹೊಸ ಸೀರೆ ಉಟ್ಟು ಬೇಗ ಬಂದಳು. ಅಮ್ಮ ತಡವಿಕೊಂಡು ಪೆಟ್ಟಿಗೆ ತೆಗೆದು ಕಾಸನ್ನು ಅವಳ ಅಂಗೈಯಲ್ಲಿ ಇಟ್ಟಳು. ಅವಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಅಮ್ಮ ಅವಳ ಕಿವಿಯ ಹತ್ತಿರ ಬಾಯಿ ತಂದಳು. ಹಾಗೇ ಇದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮನ ತುಟಿ ಅಲ್ಲಾಡಲಿಲ್ಲ.

ಆಮೇಲೆ ಅಮ್ಮ ಸರಿದು ಕೂತಳು. ಸೊಸೆ ಕಣ್ಣು ತೆರೆದು, ತನ್ನದೇ ತಪ್ಪಿರಬೇಕು ಎಂಬಂತೆ ಮೆಲ್ಲಗೆ, "ಅತ್ತಿ, ನನಗ ಏನೂ ಕೇಳಸ್ಲಿಲ್ರಿ" ಎಂದಳು.

"ನಂಗೂ ಕೇಳಿಸ್ಲಿಲ್ಲ ಕಣಮ್ಮ" ಎಂದಳು ಅಮ್ಮ. "ಇಟ್ಕೋ."